ನಾಲ್ಕಿಂಚಿನ ನಾನ್ ರಿಟರ್ನ್ ವಾಲ್ವ್: ಅರ್ಧ ಕೆಲಸಕ್ಕೆ ಒಳ್ಳೆಯದು

ತುಮಕೂರಿನಲ್ಲಿ ಒಳಚರಂಡಿ ಇಲ್ಲದ, ಸೆಪ್ಟಿಕ್ ಟ್ಯಾಂಕ್ ಇರುವ ಕಡೆ ಜೋರು ಮಳೆ ಹೊಯ್ದರೆ ಕಮೋಡಿನಲ್ಲಿ ನೀರು ಗುಳುಗುಳು ಎಂದು ಮೇಲೇರುತ್ತದೆ. ಅದಕ್ಕೆ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು 110 ಎಂ.ಎಂ. (ನಾಲ್ಕಿಂಚಿನ) ಪಿವಿಸಿ ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್. ಐದಕ್ಕೆ ಮೂರು ಅಂಕ ಕೊಡಬಹುದು.

ಒಳಗಿರುವುದು ರಬ್ಬರ್ ಅಂಚಿನ ಒಂದು ಪುಟ್ಟ ಬಾಗಿಲು. ಮನೆಯ ನೀರು ತಳ್ಳಿದರೆ ತೆರೆಯುತ್ತದೆ, ಟ್ಯಾಂಕಿನ ನೀರು ವಾಪಸ್ ಬಂದರೆ ಮುಚ್ಚಿಕೊಳ್ಳುತ್ತದೆ. ಮುಚ್ಚಿದಾಗ ಮನೆಯ ನೀರಿಗೂ ದಾರಿ ಇಲ್ಲ, ಇದನ್ನು ಮರೆಯಬೇಡಿ. ಆಗ ವಾಷಿಂಗ್ ಮಷಿನ್ ಹಾಕಿದರೆ ಬಚ್ಚಲೇ ತುಂಬುತ್ತದೆ.

ಕೊಳ್ಳುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು, ಬಗ್ಗದೆ, ಟಾರ್ಚ್ ಬಿಟ್ಟು ನೋಡಿ. ಬೆಂಕಿಕಡ್ಡಿ ಗೀರಬೇಡಿ, ಯಾರನ್ನೂ ಒಳಗಿಳಿಸಬೇಡಿ. ಆ ಗಾಳಿ ಜೀವ ತೆಗೆಯುತ್ತದೆ. ಇಂಗುಗುಂಡಿಗೆ ಹೋಗುವ ಪೈಪು ಪೂರ್ತಿ ಮುಳುಗಿದ್ದರೆ ಗುಂಡಿ ನೀರು ಹೀರುತ್ತಿಲ್ಲ ಎಂದರ್ಥ, ಅದನ್ನು ವಾಲ್ವ್ ಸರಿಮಾಡದು. ಟ್ಯಾಂಕ್ ಸರಿಯಿದ್ದು, ಮನೆಯ ಪೈಪುಗಳು ಬಂದು ಸೇರುವ ಚೇಂಬರ್ ಮಾತ್ರ ತುಂಬಿದ್ದರೆ ನಡುವಿನ ಪೈಪು ಕಟ್ಟಿದೆ. ರಾಡ್ ಹಾಕಿಸಿದರೆ ಸಾಕು, ವಾಲ್ವ್ ದಂಡ.

ತಾರಸಿ ನೀರಿನ ಪೈಪು ಚೇಂಬರಿಗೆ ಸೇರಿದ್ದರೆ ಮೊದಲು ಅದನ್ನು ಬಿಡಿಸಿ. ಎಷ್ಟೋ ಮನೆಗಳಲ್ಲಿ ರೋಗ ಇದೇ. ಸಾವಿರ ಚದರಡಿ ತಾರಸಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು!

ಕೂರಿಸುವಾಗ ವಾಲ್ವಿನ ಮೇಲಿನ ಬಾಣದ ಗುರುತು ಟ್ಯಾಂಕಿನ ಕಡೆಗಿರಲಿ. ಅದರ ಮುಚ್ಚಳ ಬಿಚ್ಚಲು ಬರುವಂತೆ ಚೇಂಬರಿನೊಳಗೇ ಇಡಿಸಿ, ಮಣ್ಣಲ್ಲಿ ಹೂಳಬೇಡಿ. ಬಾಗಿಲಿಗೆ ಕೂದಲು, ಬಟ್ಟೆ ಚೂರು ಸಿಕ್ಕಿಕೊಂಡರೆ ವಾಪಸ್ ಬರುವ ನೀರು ನಿಲ್ಲದು. ಮುಂಗಾರಿಗೆ ಮುಂಚೆ ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೈಗವಸು ಹಾಕಿಕೊಂಡು ತೊಳೆಯಿರಿ.