ಐರ್ಲೆಂಡ್‌ನ ಹಿರಿಯರನ್ನು ಹುಡುಕುವವರು ಡಿಎನ್‌ಎ ಕಿಟ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ನಮ್ಮ ಅಜ್ಜಿಯ ಅಜ್ಜ ಐರ್ಲೆಂಡ್‌ನಿಂದ ಸಿಪಾಯಿಯಾಗಿ ಬಂದವರು. ಆಮೇಲೆ ರೈಲ್ವೆ ಕೆಲಸಕ್ಕೆ ಸೇರಿ ಮೈಸೂರಲ್ಲೇ ಉಳಿದರು. ಮನೆಯಲ್ಲಿ ಗೊತ್ತಿದ್ದದ್ದು ಇಷ್ಟೇ. ಎಂಟು ತಿಂಗಳು ರಾತ್ರಿ ಊಟ ಮುಗಿಸಿ ಕೂತು ಹುಡುಕಿದೆ, ಈಗ ಅವರ ಊರು, ಅಪ್ಪ ಅಮ್ಮ, ಅಣ್ಣನ ಮನೆ ಎಲ್ಲ ಗೊತ್ತಾಗಿದೆ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ದುಡ್ಡು ಹೋಗಿದ್ದು ಡಿಎನ್‌ಎ ಕಿಟ್‌ಗೆ, ಕಡಿಮೆ ಉಪಯೋಗ ಆಗಿದ್ದೂ ಅದರಿಂದಲೇ.

ಮೊದಲು ಮನೆಯ ಟ್ರಂಕ್ ತೆಗೆದು ನೋಡಿ. ಬನ್ನಿಮಂಟಪದಲ್ಲಿರುವ ದೊಡ್ಡಮ್ಮ ಒಂದು ಹಳೆಯ ಪ್ರಾರ್ಥನೆ ಪುಸ್ತಕ ಇಟ್ಟುಕೊಂಡಿದ್ದರು, ಅದರ ಮೊದಲ ಹಾಳೆಯಲ್ಲಿ ಕೌಂಟಿ (ಅಂದರೆ ಜಿಲ್ಲೆ) ಕ್ಲೇರ್ ಅಂತ ಬರೆದು ಕೆಳಗೆ ಪ್ಯಾರಿಷ್, ಅಂದರೆ ಒಂದು ಚರ್ಚ್‌ಗೆ ಸೇರಿದ ಪ್ರದೇಶದ ಹೆಸರೂ ಇತ್ತು. ಆ ಒಂದು ಹೆಸರು ಇಲ್ಲದಿದ್ದರೆ ನಾನು ಇನ್ನೂ ತಡಕಾಡುತ್ತಿದ್ದೆ. ಯಾಕೆಂದರೆ ಐರ್ಲೆಂಡ್‌ನಲ್ಲಿ ಸಾವಿರಕ್ಕೂ ಜಾಸ್ತಿ ಕ್ಯಾಥೊಲಿಕ್ ಪ್ಯಾರಿಷ್‌ಗಳಿವೆ.

ಅಲ್ಲಿನ ನ್ಯಾಷನಲ್ ಲೈಬ್ರರಿಯವರು ಚರ್ಚ್ ರಿಜಿಸ್ಟರ್‌ಗಳ ಚಿತ್ರಗಳನ್ನು 2015ರಲ್ಲೇ ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ, ಹೆಚ್ಚಿನವು 1880ರವರೆಗೆ. ಆದರೆ ಆ ಸೈಟ್‌ನಲ್ಲಿ ಹೆಸರು ಟೈಪ್ ಮಾಡಿ ಹುಡುಕಲು ಆಗುವುದಿಲ್ಲ. ಪುಟ ಪುಟ ತಿರುವಬೇಕು. ಹೆಸರುಗಳು ಎಷ್ಟೋ ಕಡೆ ಲ್ಯಾಟಿನ್‌ನಲ್ಲಿವೆ, ಜೇಮ್ಸ್ ಇದ್ದವರು ಯಾಕೋಬುಸ್, ವಿಲಿಯಂ ಇದ್ದವರು ಗುಲಿಯೆಲ್ಮುಸ್. ಹನ್ನೊಂದನೇ ರಾತ್ರಿ ಸಿಕ್ಕಿತು, ಆ ಅಜ್ಜನ 1852ರ ಜ್ಞಾನಸ್ನಾನದ ಸಾಲು. ಅದೇ ರಿಜಿಸ್ಟರ್‌ನಲ್ಲಿ ಐದು ವರ್ಷ ಹಿಂದೆ ಹೋದರೆ ಅಣ್ಣನ ಹೆಸರೂ ಇತ್ತು. 1847, ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದ ಕಾಲ. ಆ ಮಗು ಬದುಕಿತಲ್ಲ ಅಂತ ತುಂಬಾ ಹೊತ್ತು ಹಾಗೇ ಕೂತಿದ್ದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನ್ಯಾಷನಲ್ ಆರ್ಕೈವ್ಸ್‌ನ ಜನಗಣತಿ ಸೈಟ್. 1901 ಮತ್ತು 1911, ಎರಡೂ ಉಚಿತ, ಪ್ರತಿ ಮನೆಯ ಫಾರಂ ಕಣ್ಣಿಗೆ ಕಾಣುತ್ತದೆ. ಅದಕ್ಕಿಂತ ಹಿಂದಿನದು ಹುಡುಕಬೇಡಿ, ಬಹುತೇಕ ಏನೂ ಉಳಿದಿಲ್ಲ. 1821ರಿಂದ 1851ರವರೆಗಿನ ಹೆಚ್ಚಿನ ಹಾಳೆಗಳು 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್‌ನಲ್ಲಿದ್ದ ಸರ್ಕಾರಿ ದಾಖಲೆ ಕಚೇರಿಯಲ್ಲಿ ಸುಟ್ಟುಹೋದವು, ಆಮೇಲಿನವನ್ನು ಸರ್ಕಾರವೇ ನಾಶ ಮಾಡಿತು. ಅಣ್ಣನ ವಯಸ್ಸು 1901ರಲ್ಲಿ 54 ಅಂತಿದೆ, 1911ರಲ್ಲಿ 70! ತಪ್ಪು ಮನೆ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಆಮೇಲೆ ತಿಳಿಯಿತು, 1909ರಿಂದ 70 ತುಂಬಿದವರಿಗೆ ಪಿಂಚಣಿ ಶುರುವಾಗಿತ್ತು, ಆದ್ದರಿಂದ ಹೀಗೆ ವಯಸ್ಸು ಏರಿರುವುದು ತುಂಬಾ ಮನೆಗಳಲ್ಲಿ ಇದೆ. ಅದೇ ಫಾರಂನಲ್ಲಿ ಅವರ ಹೆಂಡತಿಯ ಸಾಲಿನಲ್ಲಿ ಹುಟ್ಟಿದ ಮಕ್ಕಳು 9, ಬದುಕಿರುವವರು 6 ಅಂತ ಬರೆದಿದೆ.

ಜನನ ಮರಣದ ಸರ್ಕಾರಿ ದಾಖಲೆ ಬೇಕಾದರೆ ಐರಿಷ್‌ಜೀನಿಯಾಲಜಿ ಡಾಟ್ ಐಇ ನೋಡಿ, 1864ರಿಂದ ಶುರು, ಅದೂ ಉಚಿತ. ಭಾರತದಲ್ಲಿ ನಡೆದ ಮದುವೆಯ ಸುಳಿವಿಗೆ ಫಿಬಿಸ್ ಸೈಟ್ ಚೆನ್ನಾಗಿದೆ, ಅದು ಬ್ರಿಟಿಷರ ಕಾಲದ ಭಾರತದ ಕುಟುಂಬಗಳ ದಾಖಲೆ ಹುಡುಕುವವರ ಸಂಘದ್ದು.

ಇನ್ನು ಡಿಎನ್‌ಎ. ಲಂಡನ್‌ನಲ್ಲಿರುವ ತಮ್ಮನ ಮನೆಗೆ ಹೋದಾಗ ಟೆಸ್ಟ್ ಕಂಪನಿಗೆ ಎಂಜಲು ಕೊಟ್ಟು ಬಂದೆ, ಡಿಎನ್‌ಎ ಹೊಂದುವ ಬಂಧುಗಳನ್ನು ತೋರಿಸುತ್ತಾರೆ ಅಂತ. ಮೂರು ತಿಂಗಳು ಕಾಯಿಸಿದರು, ಮೇಲ್ ಹಾಕಿದರೆ ಉತ್ತರ ಇಲ್ಲ, ಆಮೇಲೆ ಪೂರ್ತಿ ವಿವರ ನೋಡಲು ಮತ್ತೆ ಚಂದಾ ಕೇಳಿದರು. ಆದರೆ ತಪ್ಪು ಪೂರ್ತಿ ಕಂಪನಿಯದಲ್ಲ. ಅಜ್ಜಿಯ ಅಜ್ಜನಿಂದ ನನಗೆ ಬಂದಿರುವುದು ಸರಾಸರಿ ನೂರಕ್ಕೆ ಆರು ಪಾಲು ಅಷ್ಟೇ. ಆ ಅಣ್ಣನ ಮರಿಮಕ್ಕಳ ಮಕ್ಕಳು ಈಗ ಇದ್ದರೆ, ಅವರಲ್ಲಿ ಸುಮಾರು ಅರ್ಧ ಜನರ ಜೊತೆ ನನ್ನ ಡಿಎನ್‌ಎ ಹೊಂದುವುದೇ ಇಲ್ಲ. ದೊಡ್ಡಮ್ಮ ಆ ಅಜ್ಜನಿಗೆ ಒಂದು ತಲೆಮಾರು ಹತ್ತಿರ, ಅವರಲ್ಲಿ ಆ ಆರರ ಎರಡರಷ್ಟು ಇರುತ್ತದೆ. ಟೆಸ್ಟ್ ಮಾಡಿಸಲೇಬೇಕು ಅಂದರೆ ಮನೆಯ ಹಿರಿಯರದ್ದು ಮಾಡಿಸಿ, ಅವರು ಇರುವಾಗಲೇ ಮಾಡಿಸಿ. ದೊಡ್ಡಮ್ಮನಿಗೆ ಈಗ 81. ಅಣ್ಣನ ಮನೆಯ ಫಾರಂ ಪ್ರಿಂಟ್ ಹಾಕಿಸಿ ಕೊಟ್ಟಿದ್ದೆ, ಅದನ್ನು ಮಡಚಿ ಅದೇ ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾರೆ.