ಒಂದೇ ಪೆಲೆಟ್, ಮೂರು ಡ್ರೈಯರ್: ಔಷಧ ಬಿಡುಗಡೆಯಲ್ಲಿ ಕಂಡ ವ್ಯತ್ಯಾಸ

ಒಣಗಿಸುವುದೆಂದರೆ ನೀರು ತೆಗೆಯುವುದಷ್ಟೇ ಅಲ್ಲ, ಪೆಲೆಟ್‌ನ (ಔಷಧ ತುಂಬಿದ ಪುಟ್ಟ ಗುಂಡು) ಒಳಗಿನ ರಂಧ್ರಗಳು ಹೇಗಿರಬೇಕೆಂದು ತೀರ್ಮಾನವಾಗುವುದೂ ಅಲ್ಲೇ. ಇದನ್ನು ಕಣ್ಣಾರೆ ನೋಡಲೆಂದೇ ಒಂದು ಬ್ಯಾಚ್‌ನ ಒದ್ದೆ ಪೆಲೆಟ್‌ಗಳನ್ನು ಮೂರು ಪಾಲು ಮಾಡಿದೆ. ಸೂತ್ರ ಸರಳ: ಥಿಯೋಫಿಲಿನ್ (ಆಸ್ತಮಾದ ಔಷಧ), ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ (ಪೆಲೆಟ್‌ಗೆ ಆಕಾರ ಕೊಡುವ ಸಸ್ಯನಾರಿನ ಪುಡಿ), ನೀರು. ಎಕ್ಸ್‌ಟ್ರೂಡರ್‌ನಿಂದ 1 ಮಿ.ಮೀ. ದಪ್ಪದ ಎಳೆಗಳಾಗಿ ಬಂದದ್ದು ಸ್ಫೆರೊನೈಸರ್‌ನಲ್ಲಿ ಗುಂಡಗಾಯಿತು. ಒಂದು ಪಾಲು ಟ್ರೇ ಡ್ರೈಯರ್‌ಗೆ, ಇನ್ನೊಂದು ಎಫ್‌ಬಿಡಿಗೆ (ಫ್ಲೂಯಿಡ್ ಬೆಡ್ ಡ್ರೈಯರ್, ಬಿಸಿಗಾಳಿಯಲ್ಲಿ ತೇಲಿಸಿ ಒಣಗಿಸುವ ಯಂತ್ರ), ಮತ್ತೊಂದು ಫ್ರೀಜ್ ಡ್ರೈಯರ್‌ಗೆ ಹೋಯಿತು. ಬಿಸಿಗಾಳಿಯ ಎರಡರಲ್ಲೂ ತಾಪ ಒಂದೇ, 50 ಡಿಗ್ರಿ ಸೆಲ್ಸಿಯಸ್. ಮೂರರಲ್ಲೂ ಉಳಿದ ತೇವ ಒಂದೇ ಮಟ್ಟಕ್ಕೆ ಬಂದ ಮೇಲೆಯೇ ಡಿಸಲ್ಯೂಷನ್‌ಗೆ, ಅಂದರೆ ಔಷಧ ಎಷ್ಟು ಬೇಗ ಕರಗಿ ಹೊರಬರುತ್ತದೆಂದು ಅಳೆಯುವ ಪರೀಕ್ಷೆಗೆ, ಇಟ್ಟೆ: ಬಾಸ್ಕೆಟ್, 100 ಆರ್‌ಪಿಎಂ, 900 ಮಿ.ಲೀ., 37 ಡಿಗ್ರಿ.

ಮೊದಲ ವ್ಯತ್ಯಾಸ ಗಾತ್ರದಲ್ಲೇ ಕಂಡಿತು. ಟ್ರೇಯಲ್ಲಿ ಒಣಗಿದವು ಎಲ್ಲಕ್ಕಿಂತ ಚಿಕ್ಕವು, ಗಟ್ಟಿ, ನುಣುಪು. ಅಲ್ಲಿ ನೀರು ನಿಧಾನವಾಗಿ ಹೋಗುತ್ತದೆ. ಸಣ್ಣ ರಂಧ್ರಗಳಲ್ಲಿ ಉಳಿದ ನೀರಿನ ಮೇಲ್ಮೈ ಎಳೆತ ಸೆಲ್ಯುಲೋಸ್ ಕಣಗಳನ್ನು ಒಂದಕ್ಕೊಂದು ಹತ್ತಿರ ಎಳೆಯಲು ಸಾಕಷ್ಟು ಸಮಯ ಸಿಗುತ್ತದೆ. ಎಫ್‌ಬಿಡಿಯಲ್ಲಿ ಪ್ರತಿ ಪೆಲೆಟ್‌ನ ಸುತ್ತ ಗಾಳಿ ಹರಿಯುವುದರಿಂದ ನೀರು ಬೇಗ ಆರುತ್ತದೆ, ಕುಗ್ಗುವಿಕೆ ಸ್ವಲ್ಪ ಕಡಿಮೆ. ಫ್ರೀಜ್ ಡ್ರೈಯರ್‌ನಲ್ಲಿ ಮಂಜುಗಡ್ಡೆ ದ್ರವವಾಗದೆ ನೇರವಾಗಿ ಆವಿಯಾಗುತ್ತದೆ. ದ್ರವವೇ ಇಲ್ಲದಿದ್ದರೆ ಎಳೆಯುವುದು ಯಾವುದು? ಪೆಲೆಟ್ ಒದ್ದೆಯಿದ್ದಾಗಿನ ಗಾತ್ರದಲ್ಲೇ ಉಳಿಯಿತು, ಒಳಗೆಲ್ಲ ಸ್ಪಂಜಿನಂತೆ ತೆರವು.

ಬಿಡುಗಡೆಯ ಗ್ರಾಫ್ ಅದೇ ಕ್ರಮದಲ್ಲಿ ಬಂತು: ಫ್ರೀಜ್ ಡ್ರೈಯರ್‌ನದು ಅತಿ ವೇಗ, ಟ್ರೇಯದು ಅತಿ ನಿಧಾನ, ಎಫ್‌ಬಿಡಿ ನಡುವೆ, ಆದರೆ ಟ್ರೇಗೆ ಹತ್ತಿರ. ಈ ಸೆಲ್ಯುಲೋಸ್‌ನ ಪೆಲೆಟ್ ನೀರಿನಲ್ಲಿ ಒಡೆಯುವುದಿಲ್ಲ. ನೀರು ರಂಧ್ರದ ಮೂಲಕ ಒಳಹೋಗಬೇಕು, ಔಷಧ ಕರಗಿ ಅದೇ ದಾರಿಯಲ್ಲಿ ಹೊರಬರಬೇಕು. ದಾರಿ ಕಿರಿದಾದಷ್ಟೂ ತಡ.

ಥಿಯೋಫಿಲಿನ್ ಬಳಸುವವರಿಗೆ ಒಂದು ಎಚ್ಚರಿಕೆ. ಒದ್ದೆ ಮಿಶ್ರಣದಲ್ಲಿ ಅದು ಮಾನೋಹೈಡ್ರೇಟ್ (ಪ್ರತಿ ಅಣುವಿನ ಜೊತೆ ಒಂದು ನೀರಿನ ಅಣು ಸೇರಿದ ಹರಳು) ಆಗುತ್ತದೆ. ಆ ಹರಳಿನ ತೂಕದಲ್ಲಿ ಸುಮಾರು 9% ನೀರೇ. ಒಣಗಿಸುವಾಗ ಆ ನೀರು ಪೂರ್ತಿ ಹೋಯಿತೇ, ಅರ್ಧ ಉಳಿಯಿತೇ ಎಂಬುದೂ ಬಿಡುಗಡೆಯನ್ನು ಬದಲಿಸಬಲ್ಲದು. ಎಕ್ಸ್‌ರೇ ಡಿಫ್ರ್ಯಾಕ್ಷನ್ (ಹರಳಿನ ಬಗೆ ತಿಳಿಸುವ ಪರೀಕ್ಷೆ) ಮಾಡದೆ ಎಲ್ಲವನ್ನೂ ರಂಧ್ರಗಳ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಹಾಗಾದರೆ ಯಾವುದು ಒಳ್ಳೆಯದು? ವೇಗವಾಗಿ ಬಿಡುಗಡೆಯಾಗಬೇಕು, ತಾಪ ತಡೆಯದ ಔಷಧ ಎಂದಾದರೆ ಫ್ರೀಜ್ ಡ್ರೈಯರ್ ಯೋಗ್ಯ. ಆದರೆ ಅದರ ಪೆಲೆಟ್ ಬಲಹೀನ. ಫ್ರಯಬಿಲಿಟಿ (ಉರುಳಿಸಿದಾಗ ಎಷ್ಟು ಸವೆಯುತ್ತದೆ ಎಂಬ) ಪರೀಕ್ಷೆಯಲ್ಲಿ ಪುಡಿ ಉದುರಿತು; ಇಂಥದ್ದನ್ನು ಕೋಟಿಂಗ್ ಪ್ಯಾನ್‌ಗೆ ಹಾಕಲು ನನಗೆ ಧೈರ್ಯವಿಲ್ಲ. ಕೋಟಿಂಗ್‌ಗೆ ಟ್ರೇಯ ಗಟ್ಟಿ ಪೆಲೆಟ್ ಹಿಡಿಸಿತು. ನುಣುಪಾದ ಮೈಮೇಲೆ ಪದರ ಸಮವಾಗಿ ಕೂರುತ್ತದೆ. ಒರಟು ಮೈಯ ವಿಸ್ತೀರ್ಣ ಹೆಚ್ಚಾದ್ದರಿಂದ ಅಷ್ಟೇ ಪಾಲಿಮರ್ ಹಾಕಿದರೂ ಪದರ ತೆಳುವಾಗುತ್ತದೆ. ಟ್ರೇಯ ದೋಷವೆಂದರೆ ಸಮಯ, ಜೊತೆಗೆ ನೀರಿನಲ್ಲಿ ಚೆನ್ನಾಗಿ ಕರಗುವ ಔಷಧವಾದರೆ ನೀರಿನೊಂದಿಗೆ ಅದೂ ಮೇಲ್ಮೈಗೆ ಸರಿದು ಅಲ್ಲೇ ಹರಳುಗಟ್ಟುವ ಅಪಾಯ.

ದಿನನಿತ್ಯದ ಕೆಲಸಕ್ಕೆ ನನ್ನ ಆಯ್ಕೆ ಎಫ್‌ಬಿಡಿ. ಬೇಗ ಮುಗಿಯುತ್ತದೆ, ಬ್ಯಾಚ್‌ನ ಎಲ್ಲ ಪೆಲೆಟ್‌ಗೂ ಹೆಚ್ಚುಕಡಿಮೆ ಒಂದೇ ಬಗೆಯ ಗಾಳಿ ಸಿಗುತ್ತದೆ. ಗಾಳಿಯ ವೇಗ ಮಾತ್ರ ಮಿತಿಯಲ್ಲಿರಲಿ, ಇಲ್ಲವಾದರೆ ಒದ್ದೆ ಪೆಲೆಟ್‌ಗಳು ಉಜ್ಜಿಕೊಂಡು ಸವೆಯುತ್ತವೆ. ಲ್ಯಾಬ್‌ನಲ್ಲಿ ಟ್ರೇಯಿಂದ ಸೂತ್ರ ರೂಪಿಸಿ ಉತ್ಪಾದನೆಯಲ್ಲಿ ಎಫ್‌ಬಿಡಿಗೆ ಹೋಗುವವರು ಎರಡರ ಬಿಡುಗಡೆ ಗ್ರಾಫ್‌ಗಳ ಎಫ್2 ಮೌಲ್ಯವನ್ನು (ಎರಡು ಗ್ರಾಫ್ ಎಷ್ಟು ಹೋಲುತ್ತವೆಂದು ಹೇಳುವ ಅಂಕ; 100 ಅಂದರೆ ಎರಡೂ ಒಂದೇ) ಮೊದಲೇ ಲೆಕ್ಕಹಾಕಲಿ. ಅದು 50ಕ್ಕಿಂತ ಕೆಳಗೆ ಬಂದರೆ ಕೋಟಿಂಗ್‌ನ ಪ್ರಮಾಣವನ್ನು ಮುಟ್ಟುವ ಮುನ್ನ ಒಣಗಿಸುವ ವಿಧಾನವನ್ನೇ ಮತ್ತೆ ಪರಿಶೀಲಿಸಬೇಕು.