ಒಡೆದ ಹಿಮ್ಮಡಿಗೆ 9 ವಾರ: ಜೆಲ್ಲಿ, ತಿಕ್ಕುವ ಕಲ್ಲು, ಯೂರಿಯಾ ಕ್ರೀಮ್

ರಾತ್ರಿ ಮಗ್ಗುಲು ಬದಲಿಸಿದರೆ ಸಾಕು, ಹಿಮ್ಮಡಿ ಹಾಸಿಗೆ ಬಟ್ಟೆಗೆ ಸಿಕ್ಕಿಕೊಂಡು ಚರ್ ಅನ್ನುತ್ತಿತ್ತು. ಎಳೆಯೊಂದು ಒಡಕಿನೊಳಗೆ ಹೋಗಿ ಸಿಕ್ಕಿರುತ್ತಿತ್ತು, ಕಾಲು ಎಳೆದುಕೊಂಡರೆ ಕಣ್ಣಲ್ಲಿ ನೀರು. ಬೆಳಿಗ್ಗೆ ಎದ್ದರೆ ಎಡಗಾಲಿನ ಹಿಮ್ಮಡಿ ಊರದೆ ಮುಂಗಾಲಲ್ಲೇ ಬಚ್ಚಲಿಗೆ ಹೋಗೋದು ಅಭ್ಯಾಸವಾಗಿಬಿಟ್ಟಿತ್ತು. ನಾನು ಶಾಲೆಯಲ್ಲಿ ಪಾಠ ಮಾಡುವವಳು. ದಿನಕ್ಕೆ ಐದಾರು ಗಂಟೆ ನಿಂತೇ ಇರುತ್ತೇನೆ. ಒಂದು ದಿನ ಕೊನೆಯ ಪಿರಿಯಡ್‌ನಲ್ಲಿ ಭಾರವನ್ನೆಲ್ಲ ಬಲಗಾಲಿಗೆ ಹಾಕಿ ಬೋರ್ಡ್ ಮೇಲೆ ಬರೆಯುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ, "ಮಿಸ್, ನಿಮ್ಮ ಕಾಲಲ್ಲಿ ರಕ್ತ ಬರ್ತಿದೆ" ಅಂದಳು. ಅವತ್ತು ಸಂಜೆಯೇ ಶುರು ಮಾಡಿದೆ. ಏನು ಹಚ್ಚಿದೆ, ಏನಾಯಿತು ಅಂತ ಪ್ರತಿದಿನ ಡೈರಿಯಲ್ಲಿ ಬರೆದಿಟ್ಟೆ. 9 ವಾರದ ಆ ಡೈರಿ ನೋಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಯಾವ ಕಂಪನಿಯದು ಅಂತ ಇಲ್ಲಿ ಬರೆಯುತ್ತಿಲ್ಲ. ಡಬ್ಬಿಯ ಮೇಲಿನ ಹೆಸರಿಗಿಂತ ಒಳಗೆ ಏನಿದೆ ಅನ್ನೋದೇ ಮುಖ್ಯ. ನನ್ನ ಹತ್ತಿರ ಇದ್ದದ್ದು ವಾಸನೆ, ಬಣ್ಣ ಏನೂ ಇಲ್ಲದ ಪೆಟ್ರೋಲಿಯಂ ಜೆಲ್ಲಿ, ಒಂದು ಪ್ಯೂಮಿಸ್ ಕಲ್ಲು, ಎರಡು ಜೊತೆ ಹತ್ತಿ ಕಾಲುಚೀಲ. ನಾಲ್ಕನೇ ವಾರದಿಂದ ಶೇ 25ರಷ್ಟು ಯೂರಿಯಾ ಇರುವ ಒಂದು ಕ್ರೀಮ್ ಟ್ಯೂಬ್. ಇದರ ನಡುವೆ ಯಾರ್ಯಾರೋ ಹೇಳಿದ ಮನೆಮದ್ದುಗಳನ್ನೂ ಮಾಡಿ ನೋಡಿದೆ.

ಮೊದಲು ನನ್ನ ಹಿಮ್ಮಡಿ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ನಿಮ್ಮದಕ್ಕೆ ಹೋಲಿಸಿಕೊಳ್ಳಬಹುದು. ಅಂಚಿನ ಸುತ್ತ ಹಳದಿ ಬಣ್ಣದ ಗಟ್ಟಿ ಚರ್ಮ. ಬೆರಳಿಂದ ಒತ್ತಿದರೆ ಬಗ್ಗುತ್ತಿರಲಿಲ್ಲ, ಉಗುರಿಂದ ಕೆರೆದರೆ ಬಿಳಿ ಪುಡಿ ಉದುರುತ್ತಿತ್ತು. ಎಡಗಾಲಿನ ಹೊರ ಅಂಚಿನಲ್ಲಿ ದೊಡ್ಡ ಒಡಕು ಒಂದು. ಅದರ ಎರಡೂ ತುಟಿ ಬಿಳಿಯಾಗಿ, ಒಣಗಿದ ಅಂಟಿನ ಹಾಗೆ ಗಟ್ಟಿಯಾಗಿದ್ದವು. ಒಳಗೆ ಕೆಂಪು ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಗೆರೆ. ಕೂತಾಗ ಆ ಗೆರೆ ಮುಚ್ಚಿರುತ್ತಿತ್ತು. ಎದ್ದು ನಿಂತರೆ ಬಾಯಿ ಬಿಡುತ್ತಿತ್ತು.

ಒಡೆಯೋದು ಯಾಕೆ ಅನ್ನೋದು ಆ ಬಾಯಿ ಬಿಡೋದನ್ನು ನೋಡಿದಾಗಲೇ ನನಗೆ ಅರ್ಥವಾಯಿತು. ಹಿಮ್ಮಡಿಯ ಅಡಿಯಲ್ಲಿ ಕೊಬ್ಬಿನ ಮೆತ್ತೆ ಇದೆ. ನಿಂತಾಗ ಮೈಭಾರಕ್ಕೆ ಅದು ಪಕ್ಕಕ್ಕೆ ಹರಡುತ್ತದೆ. ಮೇಲಿನ ಚರ್ಮ ಮೆತ್ತಗಿದ್ದರೆ ಅದರ ಜೊತೆ ಹಿಗ್ಗುತ್ತದೆ, ಒಣಗಿ ದಪ್ಪಗಾಗಿದ್ದರೆ ಸೀಳುತ್ತದೆ. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ಬೇಕಾದಷ್ಟಿವೆ, ಆದರೆ ಜಿಡ್ಡು ಕೊಡುವ ಗ್ರಂಥಿ ಒಂದೂ ಇಲ್ಲ. ಮುಖದ ಚರ್ಮಕ್ಕೆ ತನ್ನದೇ ಎಣ್ಣೆ ಸಿಗುತ್ತದೆ, ಪಾದಕ್ಕೆ ನಾವೇ ಕೊಡಬೇಕು. ಹಿಂದೆ ತೆರೆದಿರುವ ಚಪ್ಪಲಿ ಹಾಕಿದರಂತೂ ಹಿಮ್ಮಡಿಯನ್ನು ಹಿಡಿದಿಡೋಕೆ ಏನೂ ಇರೋದಿಲ್ಲ, ಇನ್ನೂ ಜಾಸ್ತಿ ಹರಡುತ್ತದೆ. ಇಷ್ಟು ತಿಳಿದ ಮೇಲೆ ಯಾವ ಮದ್ದು ಕೆಲಸ ಮಾಡುತ್ತದೆ, ಯಾವುದು ಮಾಡೋದಿಲ್ಲ ಅಂತ ಊಹಿಸೋದು ಸುಲಭ. ನಾನು ಮಾತ್ರ ಇದನ್ನು ತಿಳಿಯುವ ಮೊದಲೇ ನಿಂಬೆಹಣ್ಣು ಕತ್ತರಿಸಿಬಿಟ್ಟಿದ್ದೆ.

ಆ ನಿಂಬೆಹಣ್ಣಿನ ಕಥೆ ಹೇಳಲೇಬೇಕು, ಯಾಕೆಂದರೆ ಎಲ್ಲರೂ ಮೊದಲು ಹೇಳೋದು ಅದನ್ನೇ. ಅರ್ಧ ಹೋಳಿಗೆ ಅಡುಗೆ ಸೋಡಾ ಅದ್ದಿ ಹಿಮ್ಮಡಿಗೆ ಉಜ್ಜಿ, 10 ನಿಮಿಷ ಬಿಡಿ ಅಂದಿದ್ದರು. ಬುರುಬುರು ನೊರೆ ಬಂತು. ಏನೋ ಕೆಲಸ ಆಗ್ತಿದೆ ಅನ್ನಿಸಿತು. ಎರಡನೇ ನಿಮಿಷಕ್ಕೆ ಒಡಕಿನೊಳಗೆ ಬೆಂಕಿ ಇಟ್ಟ ಹಾಗಾಯಿತು. ಹಲ್ಲು ಕಚ್ಚಿಕೊಂಡು 10 ನಿಮಿಷ ಕೂತೆ, ಹಾಗೆ ಕೂರಬಾರದಿತ್ತು. ಮಾರನೇ ದಿನ ಒಡಕಿನ ಸುತ್ತ ಕೆಂಪಗಾಗಿ, ಚರ್ಮ ಮೊದಲಿಗಿಂತ ಬಿಗಿಯಾಗಿತ್ತು. ನಮ್ಮ ಚರ್ಮದ ಮೇಲ್ಪದರ ಸಹಜವಾಗಿಯೇ ಸ್ವಲ್ಪ ಹುಳಿ, ಪಿಎಚ್ (ಹುಳಿ ಅಳೆಯುವ ಅಂಕಿ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸುಮಾರು 5. ನಿಂಬೆ ರಸ 2ರ ಹತ್ತಿರ, ಸೋಡಾ ನೀರು 8 ದಾಟುತ್ತದೆ. ಒಂದು ಈ ಕಡೆ ಎಳೆದರೆ ಇನ್ನೊಂದು ಆ ಕಡೆ. ಒಡೆದ ಚರ್ಮಕ್ಕೆ ಇದರಲ್ಲಿ ಯಾವುದೂ ಬೇಡ. ದಯವಿಟ್ಟು ರಕ್ತ ಬರುವ ಕಾಲಿಗೆ ನಿಂಬೆ ಉಜ್ಜಬೇಡಿ.

ಬಾಳೆಹಣ್ಣಿನ ತಿರುಳು ಹಚ್ಚಿ ನೋಡಿದೆ. ಇರುವಷ್ಟು ಹೊತ್ತು ಮೆತ್ತಗೆ, ತೊಳೆದ ಮೇಲೆ ಮೊದಲಿನ ಹಾಗೇ. ಜೇನುತುಪ್ಪ ನೀರಿನ ಅಂಶ ಹಿಡಿದಿಡುತ್ತದೆ ನಿಜ, ಆದರೆ ಅಂಟಂಟು, ಹಾಗೇ ಮಲಗೋಕೆ ಆಗೋದಿಲ್ಲ. ಕೊಬ್ಬರಿ ಎಣ್ಣೆ ಚೆನ್ನಾಗಿದೆ. ಇನ್ನೂ ಒಡೆಯದ, ಬರೀ ಒರಟಾದ ಪಾದಕ್ಕೆ ಸಾಕಾಗುತ್ತದೆ. ನನ್ನ ದಪ್ಪ ಹಿಮ್ಮಡಿಗೆ ಮಾತ್ರ ಬೆಳಗಿನ ಹೊತ್ತಿಗೆ ಹಚ್ಚಿದ ಗುರುತೂ ಉಳಿಯುತ್ತಿರಲಿಲ್ಲ. ಮೇಣ ಕರಗಿಸಿ ಎಣ್ಣೆಗೆ ಬೆರೆಸಿ ಹಚ್ಚುವ ಹಳೆಯ ಮದ್ದು ಒಡಕನ್ನು ನಿಜವಾಗಿ ಮುಚ್ಚುತ್ತದೆ. ಆದರೆ ಒಲೆಯ ಮುಂದೆ ಬಿಸಿ ಮೇಣದ ಜೊತೆ ಒದ್ದಾಡಬೇಕು, ಕೈಕಾಲು ಸುಡುವ ಭಯ ಬೇರೆ. ಅದೇ ಕೆಲಸವನ್ನು ಒಂದು ಡಬ್ಬಿ ಜೆಲ್ಲಿ ಸುಮ್ನೆ ಮಾಡುತ್ತದೆ.

ಹೌದು, ಈ 9 ವಾರದಲ್ಲಿ ನನಗೆ ಅತಿ ಹೆಚ್ಚು ಉಪಕಾರ ಮಾಡಿದ್ದು ಆ ಜೆಲ್ಲಿಯೇ. ಇದು ಹೊಸ ವಸ್ತುವೂ ಅಲ್ಲ. ಎಣ್ಣೆ ಬಾವಿಗಳ ಪಂಪಿಗೆ ಅಂಟಿಕೊಳ್ಳುತ್ತಿದ್ದ ಮೇಣದಂಥ ಜಿಡ್ಡನ್ನು ಅಲ್ಲಿನ ಕೆಲಸಗಾರರು ಸುಟ್ಟ ಗಾಯಕ್ಕೆ, ತರಚಿದ ಗಾಯಕ್ಕೆ ಹಚ್ಚಿಕೊಳ್ಳುತ್ತಿದ್ದರು. ಅದನ್ನು ನೋಡಿದ ರಾಬರ್ಟ್ ಚೀಸ್‌ಬ್ರೋ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಆ ಜಿಡ್ಡನ್ನು ಶುದ್ಧ ಮಾಡಿ, 1872ರಲ್ಲಿ ವ್ಯಾಸಲೀನ್ ಅಂತ ಪೇಟೆಂಟ್ ಪಡೆದರು. 150 ವರ್ಷ ದಾಟಿದರೂ ಚರ್ಮದ ನೀರು ಆರದಂತೆ ತಡೆಯೋದರಲ್ಲಿ ಇದನ್ನು ಮೀರಿಸುವ ವಸ್ತು ಕಡಿಮೆ.

ಒಂದು ಮಾತು ಗಮನದಲ್ಲಿಡಿ. ಜೆಲ್ಲಿಯಲ್ಲಿ ನೀರಿಲ್ಲ. ಅದು ಮುಚ್ಚಳ ಅಷ್ಟೇ. ಒಣಗಿದ ಹಿಮ್ಮಡಿಗೆ ಹಚ್ಚಿದರೆ ಒಣಗಿದ್ದನ್ನೇ ಮುಚ್ಚಿಟ್ಟ ಹಾಗೆ. ಮೊದಲ ವಾರ ನಾನು ಮಾಡಿದ್ದು ಅದನ್ನೇ, ಡೈರಿಯಲ್ಲಿ ಏಳು ದಿನವೂ "ಏನೂ ಬದಲಾವಣೆ ಇಲ್ಲ" ಅಂತ ಇದೆ. ಎರಡನೇ ವಾರದಿಂದ ಕ್ರಮ ಬದಲಿಸಿದೆ. ಉಗುರುಬೆಚ್ಚಗಿನ ನೀರಿನ ಟಬ್‌ನಲ್ಲಿ 10 ನಿಮಿಷ ಕಾಲಿಡೋದು. ಬಿಸಿ ಬಿಸಿ ನೀರು ಬೇಡ, ಅದು ಇದ್ದಬದ್ದ ಜಿಡ್ಡನ್ನೂ ತೆಗೆದುಬಿಡುತ್ತದೆ. ಸೋಪನ್ನೂ ಹಾಕುತ್ತಿರಲಿಲ್ಲ. ಆಮೇಲೆ ಟವೆಲ್ ಒತ್ತಿ ನೀರು ಹೀರಿಸಿ, ಬೆರಳ ಸಂದುಗಳನ್ನು ಪೂರ್ತಿ ಒಣಗಿಸಿ, ಹಿಮ್ಮಡಿಯಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗಲೇ ಜೆಲ್ಲಿ ಹಚ್ಚೋದು. ಒಡಕಿನ ಮೇಲೆ ಮಾತ್ರ ಅಲ್ಲ, ಸುತ್ತಲಿನ ಗಟ್ಟಿ ಚರ್ಮಕ್ಕೂ. ಬೆರಳ ಸಂದಿಗೆ ಮಾತ್ರ ಹಚ್ಚಬಾರದು, ಅಲ್ಲಿ ತೇವ ನಿಂತರೆ ಶಿಲೀಂಧ್ರ ಬೆಳೆಯುತ್ತದೆ. ಕೂಡಲೇ ಕಾಲುಚೀಲ.

ಕಾಲುಚೀಲವನ್ನು ಯಾರೂ ಮದ್ದು ಅಂತ ಲೆಕ್ಕಕ್ಕೆ ಹಿಡಿಯೋದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಅರ್ಧ ಕೆಲಸ ಅದರದ್ದೇ. ಜೆಲ್ಲಿ ಹಾಸಿಗೆಗೆ ಒರೆಸಿಹೋಗೋದಿಲ್ಲ, ಇಡೀ ರಾತ್ರಿ ಹಿಮ್ಮಡಿಯ ಮೇಲೇ ಇರುತ್ತದೆ. ಹತ್ತಿಯದಾಗಿರಲಿ, ಮೇಲಿನ ಇಲಾಸ್ಟಿಕ್ ಸಡಿಲವಾಗಿರಲಿ. ಹಚ್ಚಿದ ಮೇಲೆ ಬರಿಗಾಲಲ್ಲಿ ಎದ್ದು ಓಡಾಡಬೇಡಿ, ಜಾರುತ್ತೀರಿ. ನಾನು ಮಂಚದ ಮೇಲೆ ಕೂತೇ ಹಚ್ಚಿಕೊಂಡು ಹಾಗೇ ಮಲಗುತ್ತಿದ್ದೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಜೆಲ್ಲಿ ಹೀರಿದ ಬಟ್ಟೆಗೆ ಬೆಂಕಿ ಬೇಗ ಹಿಡಿಯುತ್ತದೆ, ಒಗೆದರೂ ಅದು ಪೂರ್ತಿ ಹೋಗೋದಿಲ್ಲ. ಆ ಕಾಲುಚೀಲ ಹಾಕಿಕೊಂಡು ಒಲೆ, ದೀಪದ ಹತ್ತಿರ ಹೋಗಬೇಡಿ.

ಹತ್ತನೇ ದಿನ ಡೈರಿಯಲ್ಲಿ ಹೀಗಿದೆ: "ರಾತ್ರಿ ಎಚ್ಚರವಾಗಲಿಲ್ಲ."

ಪ್ಯೂಮಿಸ್ ಕಲ್ಲಿನ ಬಗ್ಗೆ ಹೇಳೋದು ಕಡಿಮೆ. ಜ್ವಾಲಾಮುಖಿಯ ನೊರೆ ಆರಿ ಆದ ಕಲ್ಲು, ಮೈತುಂಬಾ ತೂತು, ನೀರಿಗೆ ಹಾಕಿದರೆ ತೇಲುತ್ತದೆ. ನೆನೆದ ಹಿಮ್ಮಡಿಗೆ ವಾರಕ್ಕೆ ಎರಡು ಸಲ, ಒಂದೇ ದಿಕ್ಕಿನಲ್ಲಿ, ಮೆಲ್ಲಗೆ ತಿಕ್ಕಿದರೆ ಸಾಕು. ಒಡಕಿನ ಮೇಲೆ ತಿಕ್ಕಲಿಲ್ಲ, ಅದರ ತುಟಿಗಳ ಸುತ್ತ ಮಾತ್ರ. ಪೂರ್ತಿ ನುಣುಪು ಮಾಡಬೇಕು ಅನ್ನುವ ಆಸೆ ಬೇಡ. ಅತಿಯಾಗಿ ತೆಗೆದರೆ ಚರ್ಮ ತನ್ನನ್ನು ಕಾಪಾಡಿಕೊಳ್ಳೋಕೆ ಮತ್ತೆ ದಪ್ಪವಾಗಿ ಬೆಳೆಯುತ್ತದೆ. ಕಲ್ಲಿನ ತೂತುಗಳಲ್ಲಿ ಸತ್ತ ಚರ್ಮ ಸಿಕ್ಕಿಕೊಳ್ಳುತ್ತದೆ. ಪ್ರತಿಸಲ ಸೋಪಿನಲ್ಲಿ ತೊಳೆದು ಒಣಗಿಸಿ, ಮನೆಯಲ್ಲಿ ಒಬ್ಬರದ್ದು ಇನ್ನೊಬ್ಬರು ಬಳಸಬೇಡಿ. ಲೋಹದ ತುರಿಮಣೆಯಂಥ ಸಾಧನವನ್ನು ಹಿಂದೊಮ್ಮೆ ಬಳಸಿ ಹಿಮ್ಮಡಿ ಕೊಯ್ದುಕೊಂಡಿದ್ದೆ. ಅದನ್ನು ಬಳಸಿ ಅಂತ ಯಾರಿಗೂ ಹೇಳಲಾರೆ.

ಮೂರು ವಾರ ಮುಗಿದಾಗ ಚಿಕ್ಕ ಒಡಕುಗಳೆಲ್ಲ ಕೂಡಿಕೊಂಡಿದ್ದವು. ದೊಡ್ಡದು ಮಾತ್ರ ಹಾಗೇ. ಒಳಗಿನ ಕೆಂಪು ಹೋಗಿತ್ತು, ನೋವೂ ಇಲ್ಲ, ಆದರೆ ಗಟ್ಟಿ ತುಟಿಗಳು ಅದನ್ನು ಕೂಡೋಕೆ ಬಿಡುತ್ತಿರಲಿಲ್ಲ. ಮನೆಮದ್ದಿನ ಮಿತಿ ಇದು ಅಂತ ಅನ್ನಿಸಿತು. ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಶೇ 25ರ ಯೂರಿಯಾ ಕ್ರೀಮ್ ಬರೆದುಕೊಟ್ಟರು.

ಯೂರಿಯಾ ಅಂದಾಗ ನನಗೆ ಮೊದಲು ನೆನಪಾಗಿದ್ದು ಗೊಬ್ಬರ. ಆದರೆ ಅದು ನಮ್ಮ ಚರ್ಮದಲ್ಲೇ ಇರುವ ವಸ್ತು, ಚರ್ಮ ನೀರು ಹಿಡಿದಿಟ್ಟುಕೊಳ್ಳೋದು ಇಂಥವುಗಳಿಂದಲೇ. ಶೇ 10ರಷ್ಟಿದ್ದರೆ ಮುಖ್ಯವಾಗಿ ತೇವ ಕೊಡುತ್ತದೆ. 20 ದಾಟಿದರೆ ಗಟ್ಟಿ ಚರ್ಮವನ್ನು ಸಡಿಲವೂ ಮಾಡುತ್ತದೆ. ಶೇ 40ರದ್ದೂ ಸಿಗುತ್ತದೆ, ಅದನ್ನು ಡಾಕ್ಟರನ್ನು ಕೇಳದೆ ಹಚ್ಚಬೇಡಿ. ನನ್ನ ಕ್ರೀಮು ಬೆಳ್ಳಗೆ, ಗಟ್ಟಿ, ಕೈಗೆ ಸ್ವಲ್ಪ ಮರಳುಮರಳು. ಉಜ್ಜಿದ ಐದು ನಿಮಿಷಕ್ಕೆ ಒಳಗೆ ಇಳಿಯುತ್ತದೆ, ಜೆಲ್ಲಿಯ ಹಾಗೆ ಜಾರೋದಿಲ್ಲ. ಬೆಳಿಗ್ಗೆ ಹಚ್ಚಿಕೊಂಡು ಶಾಲೆಗೆ ಹೋಗಬಹುದು. ಅದು ನನಗೆ ತುಂಬಾ ಅನುಕೂಲವಾಯಿತು. ದೋಷ ಒಂದೇ, ತೆರೆದ ಒಡಕಿಗೆ ತಾಗಿದರೆ ಚುರುಗುಡುತ್ತದೆ. ಹಸಿ ಗಾಯ ಇರುವವರೆಗೆ ಜೆಲ್ಲಿ, ಅದು ಮುಚ್ಚಿದ ಮೇಲೆ ಯೂರಿಯಾ ಅನ್ನುವ ಕ್ರಮ ನನಗೆ ಸರಿಹೋಯಿತು.

ಐದನೇ ವಾರ ಆ ಬಿಳಿ ತುಟಿಗಳು ಮೆತ್ತಗಾಗಿ, ಸ್ನಾನದ ಹೊತ್ತಿಗೆ ಟವೆಲಿನಲ್ಲಿ ಒರೆಸಿದರೆ ತಾವಾಗಿಯೇ ಬರೋಕೆ ಶುರುವಾದವು. ಏಳನೇ ವಾರದಲ್ಲಿ ಒಡಕಿದ್ದ ಜಾಗದಲ್ಲಿ ತಿಳಿಗುಲಾಬಿ ಗೆರೆ. ಒಂಬತ್ತನೇ ವಾರ ಬೆರಳಿಟ್ಟು ಹುಡುಕಿದರೂ ಎಲ್ಲಿತ್ತು ಅಂತ ತಿಳಿಯಲಿಲ್ಲ. ಹಿಮ್ಮಡಿಯ ಚರ್ಮ ದಪ್ಪ, ನಿಧಾನವಾಗಿಯೇ ಬದಲಾಗುತ್ತದೆ. ಮೂರು ದಿನದಲ್ಲಿ ಹೂವಿನಂಥ ಪಾದ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ನನ್ನ ಕಾಲು ವಾಸಿಯಾಗೋದು ನೋಡಿ ಅಮ್ಮ, "ನನಗೂ ಒಂದು ಟಬ್ ನೀರು ಇಡೇ" ಅಂದರು. ಅಮ್ಮನಿಗೆ 14 ವರ್ಷದಿಂದ ಸಕ್ಕರೆ ಕಾಯಿಲೆ. ನಾನು ಇಟ್ಟೂಬಿಟ್ಟೆ. ನೀರಿಗೆ ಕೈ ಹಾಕಿದರೆ ನನಗೇ ಬಿಸಿ ಅನ್ನಿಸಿತು. ಅಮ್ಮ ಮಾತ್ರ ಪಾದ ಅದ್ದಿ, "ಏನೂ ಬಿಸಿ ಇಲ್ಲ ಕಣೇ" ಅಂದರು. ತಕ್ಷಣ ಕಾಲು ತೆಗೆಸಿದೆ. ಆ ಕಾಯಿಲೆಯಲ್ಲಿ ಪಾದದ ನರಗಳು ಸೋತು ಬಿಸಿ, ನೋವು ಗೊತ್ತಾಗದೆ ಇರಬಹುದು, ಗಾಯ ಬೇಗ ಮಾಯೋದೂ ಇಲ್ಲ. ಅವರ ಡಾಕ್ಟರ್ ಸ್ಪಷ್ಟವಾಗಿ ಹೇಳಿದರು: ನೆನೆಸೋದು ಬೇಡ, ಕಲ್ಲು ಬೇಡ, ಗಟ್ಟಿ ಚರ್ಮ ಕರಗಿಸುವ ಸ್ಯಾಲಿಸಿಲಿಕ್ ಆಮ್ಲದ ಪಟ್ಟಿ ಬೇಡವೇ ಬೇಡ. ದಿನಾ ತೊಳೆದು, ಒಣಗಿಸಿ, ಅವರೇ ಬರೆದುಕೊಟ್ಟ ಕ್ರೀಮ್ ಹಚ್ಚಬೇಕು, ಒಡಕು ಕಂಡರೆ ಅವತ್ತೇ ತೋರಿಸಬೇಕು. ಈಗ ರಾತ್ರಿ ಊಟವಾದ ಮೇಲೆ ಅಮ್ಮನ ಎರಡೂ ಅಂಗಾಲನ್ನು ಟಾರ್ಚ್ ಹಿಡಿದು ನಾನೇ ನೋಡುತ್ತೇನೆ.

ಎಲ್ಲ ಒಣ ಪಾದವೂ ಬರೀ ಒಣಗಿದ ಪಾದ ಅಲ್ಲ ಅನ್ನೋದು ನಮ್ಮ ಶಾಲೆಯ ಇನ್ನೊಬ್ಬ ಟೀಚರಿಂದ ತಿಳಿಯಿತು. ಅವರಿಗೆ ಒಂದೇ ಕಾಲಲ್ಲಿ ಸಿಪ್ಪೆ ಏಳುತ್ತಿತ್ತು, ಅಂಗಾಲಿನ ಗೆರೆಗಳಲ್ಲೆಲ್ಲ ಹಿಟ್ಟು ಉದುರಿಸಿದ ಹಾಗೆ ಬಿಳಿ. ತಿಂಗಳುಗಟ್ಟಲೆ ಜೆಲ್ಲಿ ಹಚ್ಚಿದರೂ ಕಡಿಮೆಯಾಗಲಿಲ್ಲ. ಕೊನೆಗೆ ಡಾಕ್ಟರ್ ಚರ್ಮ ಕೆರೆದು ಪರೀಕ್ಷೆ ಮಾಡಿಸಿದಾಗ ಶಿಲೀಂಧ್ರದ ಸೋಂಕು ಅಂತ ಗೊತ್ತಾಯಿತು, ಅದಕ್ಕೆ ಬೇರೆಯೇ ಮುಲಾಮು. ಎರಡು ಮೂರು ವಾರ ಸರಿಯಾಗಿ ಹಚ್ಚಿದರೂ ಏನೂ ಬದಲಾಗದಿದ್ದರೆ, ತುರಿಕೆ, ಕೀವು, ಊತ ಇದ್ದರೆ ಮನೆಮದ್ದು ನಿಲ್ಲಿಸಿ ತೋರಿಸಿ.

ಈಗ ಯೂರಿಯಾ ಕ್ರೀಮ್ ವಾರಕ್ಕೆ ಎರಡು ಸಲ ಮಾತ್ರ, ಟ್ಯೂಬಿನಲ್ಲಿ ಇನ್ನೂ ಅರ್ಧ ಇದೆ. ಹಿಂದೆ ತೆರೆದ ಚಪ್ಪಲಿ ಬಿಟ್ಟು, ಹಿಮ್ಮಡಿ ಮುಚ್ಚುವ ಮೆತ್ತನೆಯ ಶೂ ಹಾಕುತ್ತೇನೆ. ಜೆಲ್ಲಿ ಮಾತ್ರ ಪ್ರತಿರಾತ್ರಿ. ಮೊದಲ ಡಬ್ಬಿ ನಿನ್ನೆ ಮುಗಿಯಿತು, ಅಂಥದ್ದೇ ವಾಸನೆ ಇಲ್ಲದ ಇನ್ನೊಂದು ಡಬ್ಬಿ ತಂದು ಮಂಚದ ಪಕ್ಕ ಇಟ್ಟಿದ್ದೇನೆ.